ಅಮೂಲ್ಯಾಳ ಮಾತನ್ನು ನಾನು ಹೇಳಿದ ದಿನ

ಸುಬಾಂಗ್ ಜಯಾ
೯ ಮಾರ್ಚ್ ೨೦೨೫

ಪ್ರೀತಿಯ ಅಮ್ಮನಿಗೆ,

ವಾರಿಜಾಳ ನಮಸ್ಕಾರಗಳು. ನಿನ್ನ ಮಂಡಿನೋವು ಕಡಿಮೆಯಾಗಿದೆ ಎಂದು ನಿನ್ನನ್ನು ನೋಡಿಕೊಳ್ಳುವ ರತ್ನ ಹೇಳಿದಳು, ಅಷ್ಟಾದರೂ ನೆಮ್ಮದಿ. ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲ, ಕ್ಷಮಿಸು. ಎತ್ತಿದ್ದರೆ ಅಳು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಅದಕ್ಕೇ ಈ ಕಾಗದ.

ಶನಿವಾರಗಳಂದು ಪೆಟಾಲಿಂಗ್ ಜಯಾದ ಮಹಿಳಾ ಸಹಾಯ ಕೇಂದ್ರಕ್ಕೆ ಹೋಗುತ್ತೇನೆ ಎಂದಿದ್ದೆನಲ್ಲ? ಈ ದೇಶದ ತಮಿಳು ಹೆಂಗಸರೇ ಸೇರಿ ಕಟ್ಟಿದ್ದು. ಮೈಬಣ್ಣಕ್ಕಾಗಿ ಶಾಲೆಯಲ್ಲಿ ಅಣಕಿಸಿಕೊಂಡ ಹುಡುಗಿಯರು ಬರುತ್ತಾರೆ. ಗಂಡನ ವೀಸಾ ಮೇಲೆ ಬಂದು, ಹೇಳಿಕೊಳ್ಳಲು ಯಾರೂ ಇಲ್ಲದ ಹೆಂಗಸರು ಬರುತ್ತಾರೆ. ಹುಡುಗಿಯರಿಗೆ ವಿಜ್ಞಾನ ಹೇಳಿಕೊಡುತ್ತೇನೆ, ಕನ್ನಡದವರು ಬಂದರೆ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತೇನೆ.

ಹೋದ ತಿಂಗಳು ಒಂದು ದಿನ ಅಲ್ಲಿನ ಆಪ್ತಸಲಹೆಗಾರ್ತಿ ತವಮಣಿ ಕರೆದರು. "ನಿಮ್ಮ ಲ್ಯಾಂಗ್ವೇಜ್‌ನವ್ರು ಬಂದಿದ್ದಾರೆ, ವಾರಿಜಾ. ಇಂಗ್ಲಿಷ್ ಗೊತ್ತು, ಆದ್ರೆ ಅಳುವಾಗ ಬರ್ತಿಲ್ಲ."

ಬಾಗಿಲು ತಳ್ಳಿದೆ. ಒಳಗೆ ಕುಳಿತಿದ್ದವಳು ಅಮೂಲ್ಯಾ. ನಮ್ಮ ಕೌಸ್ತುಭನ ಹೆಂಡತಿ, ನಿನ್ನ ಸೊಸೆ.

ಅಮ್ಮ, ನನ್ನ ಬುದ್ಧಿಗೆ ಏನಾಗಿತ್ತೋ, "ಅರೆ, ನೀನೂ ಇಲ್ಲಿ ಕೆಲಸಕ್ಕೆ ಸೇರಿಕೊಂಡ್ಯಾ?" ಎಂದು ನಗುತ್ತಲೇ ಕೇಳಿಬಿಟ್ಟೆ. ಅವಳು ಸ್ವೆಟರಿನ ತೋಳನ್ನು ಮೇಲಕ್ಕೆಳೆದಳು. ಮೊಣಕೈಯ ಕೆಳಗೆ ಇಸ್ತ್ರಿಪೆಟ್ಟಿಗೆಯ ಚೂಪು ತುದಿ ಅಚ್ಚೊತ್ತಿದಂತೆ ಕಾಣುತ್ತಿತ್ತು.

ನಮ್ಮ ಸಂಬಂಧ ತಿಳಿದ ಕೂಡಲೇ ತವಮಣಿ ಎದ್ದರು. "ಫ್ಯಾಮಿಲಿ ಆದ್ರೆ ನೀವು ಬೇಡ. ಬೇರೆಯವರನ್ನ ಹುಡುಕ್ತೀನಿ."

"ಬೇಡ, ಇವ್ರೇ ಇರ್ಲಿ," ಎಂದಳು ಅಮೂಲ್ಯಾ. "ಇವ್ರೇ ಹೇಳ್ಲಿ."

ಅಲ್ಲಿ ಮಾತು ತಿರುಗಿಸುವವರು 'ಅವಳು ಹೀಗೆನ್ನುತ್ತಾಳೆ' ಎಂದು ಹೇಳುವಂತಿಲ್ಲ. 'ನಾನು' ಎಂದೇ ಹೇಳಬೇಕು. ಹಾಗಾಗಿ ನನ್ನ ತಮ್ಮ ಮಾಡಿದ್ದನ್ನೆಲ್ಲ ನಾನೇ ಹೇಳಿದೆ. ನನ್ನ ಗಂಡ ನನ್ನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದಾರೆ. ಸಹೋದ್ಯೋಗಿಗಳ ಊಟಕ್ಕೆ ಈ ಕಪ್ಪು ಮುಖ ಕರೆದೊಯ್ಯಲು ನಾಚಿಕೆ ಎನ್ನುತ್ತಾರೆ. ಅಷ್ಟು ಹೇಗೋ ಹೇಳಿದೆ. ಆಮೇಲೆ ಅವಳು, "ಸುಟ್ಟಾಗ ಕಿರುಚಿದೆ. ಸುಮ್ನಿರು, ನಿನ್ನ ಬಣ್ಣಕ್ಕೆ ಕಲೆ ಕಾಣಲ್ಲ ಅಂದ್ರು" ಎಂದಳು. ಆ ವಾಕ್ಯ ನನ್ನ ಬಾಯಿಂದ ಹೊರಡಲಿಲ್ಲ. ಸುಟ್ಟಗಾಯಕ್ಕೆ ಔಷಧಿ ಬರೆಯುವ ವೈದ್ಯ ಅವನು! ತವಮಣಿ ಕಾದರು. ಅಮೂಲ್ಯಾ ನನ್ನ ಕೈ ಹಿಡಿದು, "ಹೇಳಿ ಅಕ್ಕಾ," ಎಂದಳು. ಹೇಳಿದೆ.

ಆಮೇಲಿನ ಕೆಲಸಗಳು ನಾನು ಎಣಿಸದಷ್ಟು ಬೇಗ ನಡೆದವು. ತವಮಣಿ ಜೊತೆಗೆ ಬಂದು ಪೊಲೀಸರಲ್ಲಿ ದೂರು ಕೊಡಿಸಿದರು. ಕೌಸ್ತುಭ ಅವಳ ಹತ್ತಿರ ಸುಳಿಯಬಾರದೆಂಬ ಆದೇಶವಾಯಿತು. ಪಾಸ್‌ಪೋರ್ಟ್ ಕೈಗೆ ಬಂತು. ಈಗ ಅವಳು ಕೇಂದ್ರದವರ ಆಶ್ರಯಮನೆಯಲ್ಲಿದ್ದಾಳೆ. ವಿಳಾಸ ನನಗೂ ಹೇಳಿಲ್ಲ. ಅದೇ ಸರಿ. ಶನಿವಾರ ಕೇಂದ್ರದಲ್ಲಿ ಸಿಗುತ್ತಾಳೆ. ಮೊನ್ನೆ ಹುಡುಗಿಯರ ಜೊತೆ ಕೂತು ಊಟ ಮಾಡುವಾಗ ಯಾವುದಕ್ಕೋ ಜೋರಾಗಿ ನಕ್ಕಳು. ಅವಳ ನಗು ಹಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಕೌಸ್ತುಭ ನಮ್ಮ ಮನೆಗೆ ಬಂದಿದ್ದ. "ಅಕ್ಕ, ಎಂತ ಮಾಡಿದೆ ನೀನು? ಮೆಡಿಕಲ್ ಕಾಲೇಜಲ್ಲಿ ನಾನು ಮುಖ ಎತ್ತುವುದು ಹೇಗೆ?"

"ಅವಳ ಕೈ ನೋಡಿದೆ ಮಾರಾಯ."

"ಅದು ನಮ್ಮ ಮನೆ ವಿಷಯ."

"ಕೋರ್ಟಿನಲ್ಲಿ ಕೇಳಿದರೆ ನೋಡಿದ್ದನ್ನೇ ಹೇಳ್ತೇನೆ," ಎಂದು ಬಾಗಿಲು ಹಾಕಿದೆ. ಹಾಕಿದ ಮೇಲೆ ಅಲ್ಲೇ ನೆಲದ ಮೇಲೆ ಕುಳಿತೆ. ಎತ್ತಿ ಆಡಿಸಿದ ತಮ್ಮನಲ್ಲವೇ?

ಕಣ್ಣಿನ ಹನಿ ತಪ್ಪದೆ ಹಾಕಿಕೋ. ರತ್ನಳಿಗೆ ನನ್ನ ಅಕ್ಕರೆ. ನಿನ್ನ ಆಶೀರ್ವಾದ ನನಗಿಂತ ಅಮೂಲ್ಯಾಗೆ ಮೊದಲು ಸಿಗಲಿ.

ನಿನ್ನ ಮಗಳು,
ವಾರಿಜಾ

ತಾ.ಕ.: "ಒಂದೇ ಊರಲ್ಲಿದ್ದೂ ನನಗೆ ಯಾಕೆ ಹೇಳಲಿಲ್ಲ?" ಎಂದು ಮೊನ್ನೆ ಅವಳನ್ನು ಕೇಳಿದೆ. "ಅತ್ತೆಗೆ ಹೇಳಿದ್ದೆ," ಎಂದಳು. "ದೀಪಾವಳಿ ದಿನ ವಿಡಿಯೋ ಕಾಲಲ್ಲಿ ಗಾಯ ತೋರಿಸ್ದೆ. ವಾರಿಜಾಗೆ ಮಾತ್ರ ಗೊತ್ತಾಗೋದು ಬೇಡ, ಅವಳು ಸುಮ್ಮನಿರೋಳಲ್ಲ ಅಂದ್ರು." ಅಮ್ಮ, ಅವಳು ಸುಳ್ಳು ಹೇಳಿದಳೆಂದು ಒಂದು ಸಾಲು ಬರೆಯಲು ನಿನಗೆ ಸಾಧ್ಯವೇ?