ಹಂಸಜ್ಜಿಯ ಬಾಗಿಲನ್ನು ಮುಟ್ಟಬೇಡಿ

ಪಾರಂಪರಿಕ ಕಟ್ಟಡಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಸೋಮವಾರ ನಿಮ್ಮ ಗುತ್ತಿಗೆದಾರರು ಬಂದು ಹಂಸಜ್ಜಿಯ ಮನೆಯ ಬಾಗಿಲನ್ನು ಕಳಚಲಿದ್ದಾರೆ. ಅದನ್ನು ತಡೆಯಿರಿ ಎಂದು ಬೇಡುವುದಕ್ಕೆ ಈ ಪತ್ರ. ನಿಮಗೆ ಕನ್ನಡ ಬಾರದು ಎಂಬುದು ನನಗೆ ಗೊತ್ತು. ಮಲಯ್ ಭಾಷೆಯಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ. ಎರಡಕ್ಕೂ 'ಗಮನಿಸಲಾಗಿದೆ' ಎಂಬ ಒಂದೇ ಉತ್ತರ ಬಂತು. ಬರುವ ಭಾಷೆಯಲ್ಲಿ ಬರೆದಾಗಲೇ ನೀವು ಓದಲಿಲ್ಲವೆಂದ ಮೇಲೆ, ಬಾರದ ಭಾಷೆಯಲ್ಲಿ ಬರೆದರೆ ನನಗಾಗುವ ನಷ್ಟವೇನು? ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಅಚ್ಚಾದರೆ ನಾಲ್ಕು ಜನರಾದರೂ ಓದಿಯಾರು. ಅವರಲ್ಲಿ ಒಬ್ಬರಿಗಾದರೂ ನಿಮ್ಮ ಪರಿಚಯ ಇದ್ದೀತು.

ನಾನು ಉಡುಪಿಯವಳು. ಈ ಮಲಯ್ ನಾಡಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಫಿಸಿಯೋಥೆರಪಿ ಕಲಿಸುತ್ತೇನೆ. ಕುಷ್ಠರೋಗಿಗಳನ್ನು ಊರಿನಿಂದ ದೂರ ಇಡಲು ಬ್ರಿಟಿಷರು ಕಟ್ಟಿಸಿದ ಆ ಹಳೆಯ ವಸತಿಗೆ ಶನಿವಾರಗಳಂದು ಹೋಗಿ, ಅಲ್ಲಿ ಉಳಿದಿರುವ ವೃದ್ಧರ ಕೈಗಳಿಗೆ ವ್ಯಾಯಾಮ ಮಾಡಿಸುತ್ತೇನೆ. ಹಂಸಜ್ಜಿಯನ್ನು ಅಲ್ಲಿಗೆ ತಂದು ಬಿಟ್ಟಾಗ ಅವರು ಲಂಗ ತೊಡುವ ಹುಡುಗಿ. ಅಪ್ಪ ಕುಂದಾಪುರದಿಂದ ಬಂದು ಇಲ್ಲಿನ ಇಪೋ ಪಟ್ಟಣದಲ್ಲಿ ಅಡುಗೆ ಕೆಲಸ ಮಾಡುತ್ತಿದ್ದವರು. ಮಗಳನ್ನು ಬಿಟ್ಟುಹೋದವರು ಮತ್ತೆ ಬರಲಿಲ್ಲ. ರೋಗ ವಾಸಿಯಾಗಿ ಎಷ್ಟೋ ಕಾಲವಾಯಿತು, ಬೆರಳುಗಳು ಮಾತ್ರ ಮಡಚಿದಂತೆಯೇ ಉಳಿದವು.

ಆ ವಸತಿಯಲ್ಲಿ ಯಾವುದೂ ಮೊದಲಿನ ಹಾಗೆ ಉಳಿದಿಲ್ಲ, ನಿಜ. ವಾರ್ಡು ಗೋದಾಮಾಯಿತು, ಮಕ್ಕಳ ಶಾಲೆ ಹೂಕುಂಡ ಮಾರುವ ನರ್ಸರಿಯಾಯಿತು, ಗಂಡಸರ ಸಾಲುಮನೆಗಳನ್ನು ಕೆಡವಿದ ಜಾಗದಲ್ಲಿ ಪಾರ್ಕಿಂಗ್ ಬಂತು. ಅದನ್ನೆಲ್ಲ ಮಾಡಿಸಿದ್ದು ದೊಡ್ಡವರು; ಹಾಗಾಗಿ ಅದು ಅಭಿವೃದ್ಧಿ. ಹಂಸಜ್ಜಿಯ ಗಂಡ ಪುಟ್ಟಣ್ಣ, ಅವರೂ ಅಲ್ಲಿನ ರೋಗಿಯೇ, ತಾವಿದ್ದ ಮನೆಗೆ ಮಾಡಿದ್ದು ಮಾತ್ರ ನಿಮ್ಮ ವರದಿಯಲ್ಲಿ 'ಅನಧಿಕೃತ ಬದಲಾವಣೆ'. ಅವರು ಮಾಡಿದ ಘೋರ ಅಪರಾಧವಾದರೂ ಏನು? ಬಾಗಿಲಿನ ದುಂಡನೆಯ ಹಿತ್ತಾಳೆ ಹಿಡಿ ಕಿತ್ತು, ಮೊಣಕೈಯಿಂದ ಒತ್ತಿದರೆ ತೆರೆಯುವ ಉದ್ದನೆಯ ಮರದ ಹಿಡಿ ಹಾಕಿದರು. ಮೆಟ್ಟಿಲು ಒಡೆದು ಇಳಿಜಾರು ಮಾಡಿದರು. ಪುಟ್ಟಣ್ಣ ತೀರಿಕೊಂಡ ಮೇಲೂ ಅಜ್ಜಿ ಯಾರ ಹಂಗಿಲ್ಲದೆ ಒಬ್ಬರೇ ಬದುಕುತ್ತಿರುವುದು ಆ ಮರದ ಹಿಡಿಯ ದಯೆಯಿಂದ. ಈಗ ನೀವು ಎಲ್ಲವನ್ನೂ 'ಮೂಲ ಸ್ವರೂಪ'ಕ್ಕೆ ತರುತ್ತೀರಂತೆ.

ಮಾದರಿಗೆಂದು ಪಕ್ಕದ ಲಿಮ್ ಅಂಕಲ್ ಮನೆಯನ್ನು ಆಗಲೇ ಮೂಲ ಸ್ವರೂಪಕ್ಕೆ ತಂದಿದ್ದೀರಿ. ಹಿತ್ತಾಳೆ ಫಳಫಳ ಹೊಳೆಯುತ್ತದೆ, ಫೋಟೋಗೆ ಬಹಳ ಚೆಂದ. ಹೋದ ಶನಿವಾರ ಗಾಳಿಗೆ ಆ ಬಾಗಿಲು ಮುಚ್ಚಿಕೊಂಡಿತು. ಅಂಕಲ್ ಒಳಗೆ, ಅವರಿಗೆ ಗಂಜಿ ತಂದ ಹಂಸಜ್ಜಿ ಹೊರಗೆ. ಹಿಡಿಯನ್ನು ತಿರುಗಿಸುವ ಬೆರಳು ಇಬ್ಬರಿಗೂ ಇಲ್ಲ. ನಾನು ಕಾರಿನಿಂದ ಇಳಿಯುವಾಗ ಅಜ್ಜಿ ಬಿಸಿಲಲ್ಲಿ ಬಾಗಿಲಿಗೆ ಒರಗಿ ಕುಳಿತು, ಮಲಯ್ ಭಾಷೆಯಲ್ಲಿ ಒಳಗಿನವರಿಗೆ ಧೈರ್ಯ ಹೇಳುತ್ತಿದ್ದರು.

"ಬೇಗ ಬಾ ಮಗಾ, ಬೇಗ ತೆರಿ," ಎಂದು ಕೂಗಿದರು. "ಇಷ್ಟೊತ್ತು ಮಾತಾಡ್ತಿದ್ರು, ಈಗ ಮಾತೇ ಇಲ್ಲ."

ನಾನು ಹಿಡಿ ತಿರುಗಿಸಿದೆ, ಬಾಗಿಲು ತೆರೆಯಿತು. ಅಷ್ಟು ಸುಲಭ. ಅಂಕಲ್ ನೆಲದ ಮೇಲೆ ಬಿದ್ದಿದ್ದರು. ಈಗ ಆಸ್ಪತ್ರೆಯಲ್ಲಿದ್ದಾರೆ. ನಿಮ್ಮ ಕಚೇರಿಗೆ ಫೋನು ಮಾಡಿದರೆ, ಮನೆ ಒಗ್ಗದವರಿಗೆ ವೃದ್ಧಾಶ್ರಮ ಇದೆಯಲ್ಲ ಎಂದು ನಿಮ್ಮ ಸಹಾಯಕರು ವಿನಯದಿಂದಲೇ ತಿಳಿಸಿದರು.

ಮಾನ್ಯರೇ, ಮೂಲ ಸ್ವರೂಪದ ಮೇಲೆ ನಿಮಗೆ ಅಷ್ಟು ಪ್ರೀತಿಯಿದ್ದರೆ ಅದನ್ನು ಪೂರ್ತಿ ತನ್ನಿ. ಆ ಮನೆಗಳ ಚಿಲಕ ಮೊದಲು ಇದ್ದದ್ದು ಹೊರಗಡೆ. ಸಂಜೆಯಾದರೆ ಕಾವಲುಗಾರ ಬಂದು ಹಾಕಿ ಹೋಗುತ್ತಿದ್ದ. ಅದರ ಮೊಳೆಯ ತೂತುಗಳು ಹಂಸಜ್ಜಿಯ ಬಾಗಿಲ ಚೌಕಟ್ಟಿನಲ್ಲಿ ಇನ್ನೂ ಇವೆ. ನಿಮ್ಮ ನಕ್ಷೆಯಲ್ಲಿ ಆ ಚಿಲಕ ಏಕಿಲ್ಲ? ನೋಡಲು ಬರುವ ಪ್ರವಾಸಿಗರ ಮನಸ್ಸು ನೊಂದೀತೆಂದೇ? ಅಥವಾ, ಈ ಕೈಗಳಿಗೆ ದುಂಡನೆಯ ಹಿಡಿಯೊಂದೇ ಸಾಕು, ಚಿಲಕ ದಂಡ ಎಂದೇ?

ನನಗೆ ಭಯವಾಗಿದೆ. ಯಾರ ಕಾಲು ಹಿಡಿಯಬೇಕೋ ತಿಳಿಯದಾಗಿದೆ. ಸೋಮವಾರದ ನಂತರ ಏನು ಮಾಡುತ್ತೀರಿ ಎಂದು ಮೊನ್ನೆ ಅಜ್ಜಿಯನ್ನು ಕೇಳಿದೆ.

"ಬಾಗಿಲು ಹಾಕುದೇ ಇಲ್ಲ," ಎಂದರು. "ತೆರೆದಿಟ್ಟೇ ಮಲಗ್ತೇನೆ. ಕಳ್ಳ ಬಂದ್ರೆ ಬರ್ಲಿ. ಇನ್ನೊಮ್ಮೆ ಹಾಗೆ ಒಳಗೆ ಇರ್ಲಿಕ್ಕೆ ನನ್ನಿಂದ ಆಗುದಿಲ್ಲ ಮಗಾ."

ನಾನು ಕೇಳುವುದು ಇಷ್ಟೇ. ಹಂಸಜ್ಜಿಯ ಬಾಗಿಲನ್ನು ಅದರ ಪಾಡಿಗೆ ಬಿಡಿ. ಲಿಮ್ ಅಂಕಲ್ ಮರಳಿ ಬರುವ ಮುನ್ನ ಅವರ ಬಾಗಿಲಿಗೂ ಮರದ ಹಿಡಿ ಹಾಕಿಸಿ. ಆಗುವುದಿಲ್ಲ ಎನ್ನುವುದಾದರೆ ಭಾನುವಾರ ದಯಮಾಡಿ ಬನ್ನಿ. ನಿಮ್ಮ ಬೆರಳುಗಳನ್ನು ಮಡಚಿ ಬಟ್ಟೆ ಸುತ್ತುತ್ತೇನೆ. ಆ ಮಾದರಿ ಮನೆಯೊಳಗೆ ಕುಳಿತುಕೊಳ್ಳಿ, ನಾನು ಬಾಗಿಲು ಎಳೆದುಕೊಂಡು ಹೋಗುತ್ತೇನೆ. ಹೆದರಬೇಡಿ, ಹೊರಗೆ ಹಂಸಜ್ಜಿ ಇರುತ್ತಾರೆ. ಧೈರ್ಯ ಹೇಳುತ್ತಾರೆ.

ಇಂತಿ,
ಬೆರಳೆಲ್ಲ ನೆಟ್ಟಗಿದ್ದೂ ಕೈಲಾಗದವಳು,
ವೇದವತಿ
ಪುಚೊಂಗ್