ಪಾರಿವಾಳದವನ ಸಾಕ್ಷಿ

ಮುನೀಬ್ ಅಣ್ಣಾ,

ನೀನು ಯಾವ ದೇಶಕ್ಕೆ ಓಡಿಹೋದೆಯೋ ತಿಳಿಯದು. ನಮ್ಮ ಸಿರಿಯಾದಲ್ಲಿ ಪಾರಿವಾಳ ಸಾಕುವವನೆಂದರೆ ಸುಳ್ಳುಗಾರ, ಅವನ ಸಾಕ್ಷಿಯನ್ನು ಯಾವ ಕೋರ್ಟೂ ನಂಬುವುದಿಲ್ಲವೆಂದು ನನ್ನನ್ನು ಎಷ್ಟು ಛೇಡಿಸುತ್ತಿದ್ದೆ. ಇವತ್ತು ನಮ್ಮೂರಿನ ಮೇಲೆ ಬಿದ್ದ ವಿಷಾನಿಲದ ತನಿಖೆಗೆ ಬಂದ ಹೊರದೇಶದವರು ನನ್ನ ಮಾತನ್ನೇ ಬರೆದುಕೊಂಡರು. ಮೊದಲು ನನ್ನ ಹಕ್ಕಿಗಳು ಸತ್ತು ಬಿದ್ದವು, ಆಮೇಲೆ ಬಾಂಬಿಗೆ ಹೆದರಿ ನೆಲಮಾಳಿಗೆಗೆ ಇಳಿದವರು ಸತ್ತರು ಎಂದೆ.

ಅವರಲ್ಲೊಬ್ಬ ಹೆಂಗಸು ಆಗ ನೀನು ಸರ್ಕಾರಿ ಟಿವಿಗೆ ಕೊಟ್ಟಿದ್ದ ಹೇಳಿಕೆ ತೋರಿಸಿದಳು. "ವಿಷಾನಿಲ ಎಲ್ಲಿತ್ತು? ಬರೀ ಧೂಳು," ಅನ್ನುತ್ತಿದ್ದೀಯ. ನಿನ್ನ ಮಗಳು ಲಮೀಸಳ ಹೆಣವನ್ನು ಆ ನೆಲಮಾಳಿಗೆಯಿಂದ ಎತ್ತಿ ತಂದ ಕೈಯಲ್ಲೇ ಮೈಕು ಹಿಡಿದಿದ್ದೀಯ.

"ನಿಮ್ಮಣ್ಣ ಮೇಷ್ಟ್ರು. ಅವರ್ಯಾಕೆ ಸುಳ್ಳು ಹೇಳ್ತಾರೆ?" ಎಂದು ಕೇಳಿದಳು.

"ಅವನಿಗೇನು ಗೊತ್ತು ಬಿಡಿ. ಅವತ್ತು ಊರಲ್ಲೇ ಇರ್ಲಿಲ್ಲ," ಎಂದೆ.

ಪಾರಿವಾಳದವನು ಇವತ್ತು ಹೇಳಿದ ಸುಳ್ಳು ಅದೊಂದೇ. ಅದನ್ನೂ ಅವಳು ನಂಬಿದಳು.