ಹಿಂದಿನ ರಟ್ಟಿಲ್ಲದ ಕಾದಂಬರಿ

ವೈನಿ,

ಕೊನೆಗೂ ಆ ಕಾದಂಬರಿ ಸಿಕ್ಕಿತು. ಅಂಕೋಲೆಯ ಅಡುಗೆಮನೆಯಲ್ಲಿ ನಾನು ಸಿಗಡಿ ಬಿಡಿಸುವಾಗ ನೀನು ಗಟ್ಟಿಯಾಗಿ ಓದುತ್ತಿದ್ದೆಯಲ್ಲ, ಇನ್‌ಸ್ಪೆಕ್ಟರನನ್ನು ಪ್ರೀತಿಸುವ ನರ್ಸಿನ ಕತೆ, ಅದೇ. ಕಾರವಾರದ ಬಾಡಿಗೆ ಪುಸ್ತಕದಂಗಡಿಯಲ್ಲಿ ಈಗ ಅರ್ಧ ಸೀಡಿಗಳೇ ತುಂಬಿವೆ. ಹೆಸರು ನೆನಪಾಗದೆ ಕತೆಯನ್ನೇ ಹೇಳಿದೆ.

"ಪ್ರೀತಿ, ಕೊಲೆ, ಪೊಲೀಸು ಮೂರೂ ಇರೋದು ಒಂದು ಕಪಾಟೇ ಅದೆ, ಅಕ್ಕೋರೇ" ಎಂದು ನಗುತ್ತ ಅಂಗಡಿಯ ಅಜ್ಜ ಹುಡುಕಿಕೊಟ್ಟರು.

ಇದರಲ್ಲಿ ಕೊಲೆಗಾರನನ್ನು ಇನ್‌ಸ್ಪೆಕ್ಟರನೇ ಹಿಡಿಯುತ್ತಾನೆ. ನರ್ಸ್ ಎಚ್ಚರತಪ್ಪಿ ಬೀಳುತ್ತಾಳೆ, ಎದ್ದವಳೇ ಮದುವೆಗೆ ಒಪ್ಪುತ್ತಾಳೆ. ನೀನು ಓದಿದ್ದರಲ್ಲಿ ಅವಳೇ ಕೊಲೆಗಾರನನ್ನು ಔಷಧದ ಕೋಣೆಯಲ್ಲಿ ಕೂಡಿಹಾಕಿದ್ದಳು. ಇನ್‌ಸ್ಪೆಕ್ಟರ್ ಮದುವೆಯ ಮಾತೆತ್ತಿದರೆ, "ಮೊದ್ಲು ಡ್ಯೂಟಿ ಮುಗೀಲಿ, ಆಮೇಲೆ ನೋಡ್ವ" ಅಂದಿದ್ದಳು. ನಮ್ಮ ಪ್ರತಿಗೆ ಹಿಂದಿನ ರಟ್ಟಿರಲಿಲ್ಲ. ಕೊನೆಯ ಪುಟಗಳೂ ಇರಲಿಲ್ಲವೆಂದು ನನಗೆ ಹೊಳೆದದ್ದು ಈಗ. ಒಂದಿಷ್ಟೂ ತಡವರಿಸದೆ, ಇಲ್ಲದ ಪುಟಗಳನ್ನು ಅದು ಹೇಗೆ ಓದಿದೆ ಮಾರಾಯ್ತಿ!

ಇವತ್ತು ಪುಸ್ತಕ ಮರಳಿಸಲು ಹೋದೆ. ಅಣ್ಣ ತೀರಿಕೊಂಡ ಮೇಲೆ ನೀನು ತವರಿಗೆಂದು ಹತ್ತಿಹೋದ ಮಾಜಾಳಿ ಬಸ್ಸು ಅಂಗಡಿಯ ಎದುರೇ ನಿಲ್ಲುತ್ತದೆ. ಅದು ತುಂಬಿ ಹೊರಡುವವರೆಗೂ ನೋಡುತ್ತ ನಿಂತಿದ್ದೆ.

"ನಾ ಓದ್ಲೇ ಇಲ್ಲ. ಕಡೆಗೆ ಎಂತಾ ಆಗ್ತದೆ?" ಅಜ್ಜ ಕೇಳಿದರು.

ನೀನು ಹೇಳಿದ ಕೊನೆಯನ್ನೇ ಹೇಳಿದೆ.

"ಅಬ್ಬಾ, ಭಾರೀ ಚಲೋ ಅದೆ! ಬರ್ದವ್ರು ಯಾರು?" ಎನ್ನುತ್ತ, ರಟ್ಟಿನ ಮೇಲಿನ ಹೆಸರು ಓದಲು ಅವರು ಕನ್ನಡಕ ಹುಡುಕತೊಡಗಿದರು.

"ನಮ್ಮ ವೈನಿ" ಅಂದೆ.